ಬಿಸಿಕೋಣೆಯಲ್ಲಿ ಅಪ್ಪ

ಮಹ್ದಿಯಾ
೧೬ ಏಪ್ರಿಲ್ ೨೦೧೮

ಶ್ರೀಮತಿ ದಲಂದಾ ಮಜ್ಗನಿ,
ನಾಯಕತ್ವ ತರಬೇತುದಾರರು, ಟ್ಯೂನಿಸ್

ಮಾನ್ಯರೇ,

ವಿಷಯ: ತಾವು ದುರಸ್ತಿ ಮಾಡಿ ಕಳಿಸಿದ ಸರಕು ಮತ್ತೆ ಕೆಟ್ಟಿರುವ ಬಗ್ಗೆ.

ನಮ್ಮ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ದೂರು ವಿಭಾಗ ಎಂದೊಂದಿದೆ. ಅದರಲ್ಲಿ ಒಂದು ಮೇಜು, ಒಂದು ಕುರ್ಚಿ ಮತ್ತು ನಾನು. ಸಾರ್ಡಿನ್ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಿತ್ತು, ಖಾರ ಹೆಚ್ಚಾಯಿತು, ಮೀನು ನನ್ನನ್ನೇ ನೋಡುತ್ತಿತ್ತು ಎಂದೆಲ್ಲ ಬರೆಯುವ ಗ್ರಾಹಕರಿಗೆ ಎರಡು ವರ್ಷದಿಂದ ನಾನೇ ಉತ್ತರ ಬರೆಯುತ್ತಿದ್ದೇನೆ. ಅವರು ತುಂಬಬೇಕಾದ ಫಾರಂ ಅನ್ನು ಇವತ್ತು ನಾನೇ ತುಂಬಿ ತಮಗೆ ಕಳಿಸುತ್ತಿದ್ದೇನೆ. ಗೌರವದಿಂದ ಸ್ವೀಕರಿಸಬೇಕು.

ಸರಕಿನ ಹೆಸರು: ತಿಜಾನಿ. ಕಾರ್ಖಾನೆಯ ಯಜಮಾನರು. ನನ್ನ ಅಪ್ಪ.
ತಯಾರಾದ ವರ್ಷ: ೧೯೬೧.
ತಮ್ಮಲ್ಲಿಗೆ ಬಂದ ದಿನ: ಮಾರ್ಚ್ ೨೭, ಹಮ್ಮಾಮತ್‌ನ ಸಮುದ್ರ ಕಾಣುವ ಹೋಟೆಲಿಗೆ.
ದುರಸ್ತಿಯಾಗಿ ವಾಪಸು ಬಂದ ದಿನ: ಮಾರ್ಚ್ ೨೯. ಜೊತೆಗೆ, ಗಾಜು ಹಾಕಿಸಿದ ಪ್ರಮಾಣಪತ್ರ. ಅದರಲ್ಲಿ ಬಂಗಾರದ ಅಕ್ಷರದಲ್ಲಿ, ‘ಪರಿವರ್ತಿತ ನಾಯಕ’.
ದೋಷ ಕಂಡ ದಿನ: ಮಾರ್ಚ್ ೩೦, ಬೆಳಿಗ್ಗೆ ಎಂಟೂ ಇಪ್ಪತ್ತು.

ದೋಷದ ವಿವರ: ಕೋಪ ಬಂದಾಗ ಬಾಯಿ ತೆರೆಯುವ ಮುಂಚೆ ಹತ್ತರವರೆಗೆ ಎಣಿಸಬೇಕೆಂದು ತಾವು ಕಲಿಸಿದ್ದೀರಿ. ‘ಮನಸ್ಸಿನಲ್ಲಿ’ ಎಂದು ಹೇಳುವುದನ್ನು ತಾವು ಮರೆತಿರೋ, ಕೇಳಿಸಿಕೊಳ್ಳುವುದನ್ನು ಅವರು ಮರೆತರೋ, ಅಪ್ಪ ಗಟ್ಟಿಯಾಗಿ ಎಣಿಸುತ್ತಾರೆ. ಮೀನು ಜೋಡಿಸುವ ಸಾಲಿನಲ್ಲಿ ಅರವತ್ತು ಹೆಂಗಸರು ನಿಂತಿರುತ್ತಾರೆ. ಯಾರದೋ ತಟ್ಟೆಯಲ್ಲಿ ಒಂದು ಮೀನಿನ ತಲೆ ಉಳಿದಿರುತ್ತದೆ. ಅಪ್ಪ ಅವಳ ಮುಂದೆ ನಿಂತು ಕಣ್ಣು ಮುಚ್ಚಿ ಶುರು ಮಾಡುತ್ತಾರೆ. “ಒಂದು... ಎರಡು...” ನಾಲ್ಕಕ್ಕೆ ಪಕ್ಕದವರು ಸರಿಯುತ್ತಾರೆ. ಏಳಕ್ಕೆ ಅದೇ ಸಾಲಿನ ಮಬ್ರೂಕಾ ಎಂಬವಳು ಶೌಚಾಲಯಕ್ಕೆ ಓಡುತ್ತಾಳೆ. ಅವಳದೇನೂ ತಪ್ಪಿಲ್ಲದಿದ್ದರೂ ಓಡುತ್ತಾಳೆ. ಹತ್ತಕ್ಕೆ, ಮೂವತ್ತು ವರ್ಷದಿಂದ ಕೇಳಿದ ಅದೇ ಅರಚಾಟ.

ಮೊದಲು ಬರೀ ಗುಡುಗಿತ್ತು ಮಾನ್ಯರೇ. ಈಗ ಅದು ಮುಂಗಡ ನೋಟಿಸು ಕೊಟ್ಟು ಗುಡುಗುತ್ತದೆ.

ಗ್ರಾಹಕರ ಬೇಡಿಕೆ: ಸರಿಮಾಡಿ ಕೊಡಿ. ಆಗದಿದ್ದರೆ ಹಳೆಯದನ್ನೇ ವಾಪಸು ಕೊಡಿ. ಅದರ ಜೊತೆ ಹೇಗೆ ಬಾಳಬೇಕು ಎನ್ನುವುದಾದರೂ ನಮಗೆ ಗೊತ್ತಿತ್ತು.

ತಮ್ಮ ವಿಧೇಯಳು,
ಯುಸ್ರಾ
ದೂರು ವಿಭಾಗದ ಮುಖ್ಯಸ್ಥೆ ಮತ್ತು ಸಿಬ್ಬಂದಿ


ಟ್ಯೂನಿಸ್
೨೪ ಏಪ್ರಿಲ್ ೨೦೧೮

ಪ್ರಿಯ ಕುಮಾರಿ ಯುಸ್ರಾ,

ತಮ್ಮ ಪ್ರತಿಕ್ರಿಯೆಗೆ ಹೃತ್ಪೂರ್ವಕ ಧನ್ಯವಾದಗಳು. ಪ್ರತಿಯೊಂದು ಪರಿವರ್ತನೆಯ ಹಾದಿಯಲ್ಲೂ ಸಣ್ಣಪುಟ್ಟ ಏರಿಳಿತಗಳು ಸಹಜ. ಇದರೊಂದಿಗೆ ಒಂದು ನೀಲಿ ಚೀಟಿ ಲಗತ್ತಿಸಿದೆ. ತಂದೆಯವರು ಇದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಕೋಪ ಬಂದಾಗ ಹೊರತೆಗೆದು ಓದಿ, ಮೂರು ಸಲ ದೀರ್ಘವಾಗಿ ಉಸಿರಾಡಲಿ. ಅಗತ್ಯವೆನಿಸಿದರೆ ಒಂದು ದಿನದ ಪುನಶ್ಚೇತನ ಶಿಬಿರವೂ ಲಭ್ಯವಿದೆ.

ಶುಭಾಶಯಗಳೊಂದಿಗೆ,
ದಲಂದಾ ಮಜ್ಗನಿ


ಮಹ್ದಿಯಾ
೩ ಮೇ ೨೦೧೮

ಮಾನ್ಯರೇ,

ತಮ್ಮ ಉತ್ತರ ಓದಿ ಕಣ್ತುಂಬಿ ಬಂತು. ಗ್ರಾಹಕರಿಗೆ ನಾನು ಬರೆಯುವ ಉತ್ತರ ಹೀಗೇ ಇರುತ್ತದೆ. “ಪ್ರತಿಯೊಂದು ಡಬ್ಬಿಯಲ್ಲೂ ಸಣ್ಣಪುಟ್ಟ ವ್ಯತ್ಯಾಸಗಳು ಸಹಜ.” ಅದನ್ನು ಓದುವವರು ನನ್ನನ್ನು ಎಷ್ಟು ಶಪಿಸುತ್ತಿರಬಹುದು ಎಂದು ಈಗ ಗೊತ್ತಾಯಿತು.

ನೀಲಿ ಚೀಟಿಯ ವರದಿ: ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡರು. ಮರುದಿನ ಮಂಜುಗಡ್ಡೆ ತಂದ ಲಾರಿ ತಡವಾಯಿತು. ಅಪ್ಪ ಚೀಟಿ ತೆಗೆದರು. ಕನ್ನಡಕ ಸಿಗಲಿಲ್ಲ. ಕನ್ನಡಕ ಎಲ್ಲಿ ಎಂದು ಇಡೀ ಕಾರ್ಖಾನೆಗೆ ಬೈದರು. ಈಗ ಅವರ ಕೈ ಜೇಬಿನ ಕಡೆ ಹೋದರೆ ಸಾಕು, ಜನ ಚದುರುತ್ತಾರೆ.

ತಮಾಷೆ ಇಲ್ಲಿಗೆ ಮುಗಿಯಿತು. ಇನ್ನು ನಾನು ಬರೆಯುವುದಕ್ಕೆ ನಗಬೇಡಿ.

ನಮ್ಮಲ್ಲಿ ಬಿಸಿಕೋಣೆ ಎಂದೊಂದಿದೆ. ಪ್ರತಿ ದಿನದ ಸರಕಿನಿಂದ ಮೂವತ್ತು ಡಬ್ಬಿ ತೆಗೆದು ಆ ಕೋಣೆಯ ಸೆಕೆಯಲ್ಲಿ ಎರಡು ವಾರ ಇಡುತ್ತೇವೆ. ಮುಚ್ಚಳ ಸರಿಯಾಗಿ ಕೂತಿಲ್ಲವೆಂದರೆ ಒಳಗಿನದು ಕೊಳೆತು ಡಬ್ಬಿ ಉಬ್ಬುತ್ತದೆ. ಮುಚ್ಚಿದ ದಿನ ಒಳ್ಳೆಯ ಡಬ್ಬಿ, ಕೆಟ್ಟ ಡಬ್ಬಿ ಎರಡೂ ಒಂದೇ ಥರ ಹೊಳೆಯುತ್ತಿರುತ್ತವೆ. ಅದಕ್ಕೇ ಎರಡು ವಾರ ಕಳೆಯುವವರೆಗೆ ಒಂದು ಕಾಗದಕ್ಕೂ ನಾವು ಸಹಿ ಹಾಕುವುದಿಲ್ಲ. ಮೂರನೇ ದಿನಕ್ಕೆ ನಾವು ಒಂದು ಸಾರ್ಡಿನ್‌ಗೂ ಪ್ರಮಾಣಪತ್ರ ಕೊಡುವುದಿಲ್ಲ ಮಾನ್ಯರೇ. ನೀವು ಮನುಷ್ಯನಿಗೆ ಕೊಟ್ಟಿರಿ. ಗಾಜು ಹಾಕಿಸಿ ಕೊಟ್ಟಿರಿ.

ಏಪ್ರಿಲ್ ೧೧ರಂದು, ಮುಚ್ಚಳ ಮಡಚುವ ಎರಡನೇ ಯಂತ್ರ ಒಂದು ಕಡೆ ಸಡಿಲವಾಗಿದೆ ಎಂದು ಹೇಳಲು ಸಾಸಿಯಾ ದೊಡ್ಡಮ್ಮ ಅಪ್ಪನ ಕೋಣೆಗೆ ಹೋದರು. ಅವರು ಸಾಲಿನ ಮುಖ್ಯಸ್ಥೆ. ತಾತನ ಕಾಲದಲ್ಲಿ ಹದಿನಾರರ ಹುಡುಗಿಯಾಗಿ ಕೆಲಸಕ್ಕೆ ಬಂದವರು. ಆಗ ಅಪ್ಪ ಚಡ್ಡಿ ಹಾಕಿಕೊಂಡು ಉಪ್ಪಿನ ಚೀಲದ ಮೇಲೆ ಕುಣಿಯುತ್ತಿದ್ದರಂತೆ. ನನಗೆ ಒಂಬತ್ತಾದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಮುಂದೆ ನಾನು ದಿನಾ ಶಾಲೆ ಬಿಟ್ಟ ಮೇಲೆ ಬಂದು ದೊಡ್ಡಮ್ಮನ ಸಾಲಿನ ಕೊನೆಯಲ್ಲಿ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಶಾಲೆಯ ಲೆಕ್ಕ ಬರೆಯುತ್ತಿದ್ದೆ. ನನ್ನ ಪುಸ್ತಕಗಳಿಗೆಲ್ಲ ಮೀನಿನ ವಾಸನೆ.

ದಿನದ ಮೊದಲ ಡಬ್ಬಿಯನ್ನು ಯಜಮಾನ ಮತ್ತು ಸಾಲಿನ ಮುಖ್ಯಸ್ಥೆ ನಿಂತುಕೊಂಡೇ ಒಂದೇ ರೊಟ್ಟಿ ಮುರಿದು ತಿನ್ನುವುದು ತಾತನ ಕಾಲದಿಂದ ನಡೆದುಬಂದದ್ದು. ಎಣಿಕೆ ಶುರುವಾದ ಮೇಲೆ ಅದೂ ನಿಂತಿತ್ತು. ಅಪ್ಪ ತಮ್ಮ ಪಾಲನ್ನು ಮೇಲಿನ ಕೋಣೆಗೆ ತರಿಸಿಕೊಳ್ಳುತ್ತಿದ್ದರು.

ಅವತ್ತು ದೊಡ್ಡಮ್ಮ “ಯಜಮಾನ್ರೇ, ಎರಡನೇ ಯಂತ್ರ” ಎಂದರು ಅಷ್ಟೇ. ಅಪ್ಪ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದರು. ಫೋನ್ ಇಟ್ಟು, ಇವರತ್ತ ತಿರುಗಿ, ಕಣ್ಣು ಮುಚ್ಚಿ ಎಣಿಸತೊಡಗಿದರು. ಆರಕ್ಕೆ ದೊಡ್ಡಮ್ಮ ಹೊರಬಂದರು. “ಇರ್ಲಿ ಬಿಡು, ಆಮೇಲೆ ಹೇಳಿದ್ರಾಯ್ತು” ಎಂದರು ನನಗೆ. ಆಮೇಲೆ ಹೇಳಲಿಲ್ಲ. ಯಾರೂ ಹೇಳಲಿಲ್ಲ.

ಏಪ್ರಿಲ್ ೨೫ರಂದು ಬಿಸಿಕೋಣೆ ತೆಗೆದರೆ ಮೂವತ್ತರಲ್ಲಿ ಹತ್ತೊಂಬತ್ತು ಡಬ್ಬಿ ಗರ್ಭಿಣಿಯರ ಹಾಗೆ ಉಬ್ಬಿದ್ದವು. ಒಂದು ಸಿಡಿದೂ ಇತ್ತು. ಆ ವಾಸನೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸಲು ಆಗುತ್ತಿಲ್ಲವಲ್ಲ ಎಂದು ನನಗೆ ಬೇಸರ.

ಅಪ್ಪ ಸಾಲಿನ ನಡುವೆ ನಿಂತು, “ಯಂತ್ರ ಕೆಟ್ಟಿದ್ದು ಯಾರಿಗೂ ಗೊತ್ತಿರ್ಲಿಲ್ವಾ? ಅರವತ್ತು ಜನ ಇದ್ದೀರಲ್ಲ, ಒಬ್ಬರಿಗೂ ನಾಲಗೆ ಇಲ್ವಾ?” ಎಂದರು. ಕಣ್ಣು ಮುಚ್ಚಿದರು. ಅವರು ಬಾಯಿ ತೆರೆಯುವ ಮುಂಚೆಯೇ ಮೇಲಿನ ಧ್ವನಿವರ್ಧಕದಿಂದ ಅವರದೇ ಧ್ವನಿ, “ಒಂದು... ಎರಡು... ಮೂರು...” ಯಾರೋ ಮೊದಲೇ ಮುದ್ರಿಸಿಟ್ಟುಕೊಂಡು ಹಾಕಿದ್ದರು. ಹತ್ತರವರೆಗೂ ಹೋಯಿತು. ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಸಾಲು ನಕ್ಕಿತು, ಕೈಯಲ್ಲಿ ಮೀನು ಹಿಡಿದುಕೊಂಡೇ.

ಅಪ್ಪನ ಮುಖ ಬಿಳುಚಿಕೊಂಡಿತು. “ಯಾರು?” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸಾಸಿಯಾ ದೊಡ್ಡಮ್ಮ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು, “ನಾನೇ” ಎಂದರು.

“ನಾಳೆಯಿಂದ ನೀನು ಬರ್ಬೇಡ.”

ಚಿಕ್ಕಂದಿನಿಂದ ಅಕ್ಕ ಎಂದು ಕರೆದವರನ್ನು ಅಪ್ಪ ಬರೀ ನೀನು ಎಂದರು. ದೊಡ್ಡಮ್ಮ ಉದ್ದಂಗಿ ಕೊಡವಿಕೊಂಡು ಹೊರಟುಹೋದರು. ಮೊಬೈಲ್‌ನಲ್ಲಿ ಕರೆ ಬಂದರೆ ಎತ್ತುವುದು ಬಿಟ್ಟು ಬೇರೇನೂ ಬಾರದ ಹೆಂಗಸು ಅವರು. ನಲವತ್ತೈದು ವರ್ಷ ದುಡಿದ ಜಾಗ.

ನನಗೆ ನಿಮ್ಮ ಶಿಬಿರ ಬೇಡ, ಚೀಟಿ ಬೇಡ. ಮಹ್ದಿಯಾಕ್ಕೆ ಬನ್ನಿ. ಅಪ್ಪನ ಗೋಡೆಯ ಮೇಲಿರುವ ಆ ಕಾಗದ ಸುಳ್ಳು ಎಂದು ಅವರ ಮುಖಕ್ಕೆ ಹೇಳಿ. ದೊಡ್ಡಮ್ಮ ವಾಪಸು ಬರಬೇಕು. ಅದಾಗುವವರೆಗೆ ಈ ಕಡತ ಮುಚ್ಚುವುದಿಲ್ಲ.

ಯುಸ್ರಾ


ಟ್ಯೂನಿಸ್
೧೯ ಮೇ ೨೦೧೮

ಯುಸ್ರಾ,

ರಂಜಾನ್ ಉಪವಾಸದ ಮೂರನೇ ದಿನ. ನೀರಿಲ್ಲ, ಕಾಫಿಯಿಲ್ಲ, ಹಾಗಾಗಿ ನಯವೂ ಇಲ್ಲ. ನಿನ್ನ ಪತ್ರ ಎರಡು ವಾರದಿಂದ ಮೇಜಿನ ಮೇಲಿದೆ. ಪ್ರತಿ ಸಲ ಓದಿದಾಗಲೂ ನಿನ್ನ ಕೆನ್ನೆಗೊಂದು ಬಾರಿಸಬೇಕು ಎನಿಸುತ್ತದೆ. ನೀನು ಹೇಳಿದ್ದು ಸರಿ ಎಂಬ ಕಾರಣಕ್ಕೇ.

ನಿನ್ನಪ್ಪ ಮೊದಲ ಸಲ ಬಂದಾಗ ನಾನು ಒಂದು ವರ್ಷ ಬೇಕು ಎಂದೆ. “ನಾನೇನು ರೋಗೀನಾ ತಾಯಿ? ಮೀನು ಒಂದು ವರ್ಷ ಕಾಯಲ್ಲ. ಮೂರು ದಿನದ್ದು ಏನಾದ್ರೂ ಇದ್ರೆ ಕೊಡಿ” ಎಂದರು. ಮೂರು ದಿನದ್ದು ನನ್ನ ಹತ್ತಿರ ಇರಲಿಲ್ಲ. ಅವರು ಎದ್ದು ಹೋಗುತ್ತಾರೆ ಎಂದು ಹೆದರಿ, ಕೂತಲ್ಲೇ ತಯಾರಿಸಿ ಕೊಟ್ಟೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಮೂರು ದಿನದಲ್ಲಿ ಬದಲಾಗುವುದು ಕೂದಲಿನ ಬಣ್ಣ ಮಾತ್ರ ಎಂದು ನನಗೆ ಗೊತ್ತಿತ್ತು.

ಇನ್ನೊಂದು ಹೇಳುತ್ತೇನೆ. ಎರಡನೇ ದಿನ ಮಧ್ಯಾಹ್ನ ಅವರನ್ನು ಕೇಳಿದೆ, ನೀವು ಬೈಯುವಾಗ ಎದುರಿಗಿರುವವರ ಮುಖ ಹೇಗಿರುತ್ತದೆ ಎಂದು. “ನೋಡಿಲ್ಲ” ಎಂದರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಅಲ್ಲಿಂದ ಕೆಲಸ ಶುರುವಾಗಬೇಕಿತ್ತು ಯುಸ್ರಾ. ಆದರೆ ನಾಲ್ಕು ಗಂಟೆಗೆ ಎಲ್ಲರ ಫೋಟೋ ತೆಗೆಯುವುದಿತ್ತು. ನಾನು ಎಣಿಸುವುದನ್ನು ಕಲಿಸಿದೆ. ಕಣ್ಣು ಮುಚ್ಚಿ ಎಣಿಸಿ ಎಂದೂ ನಾನೇ ಹೇಳಿದೆ. ಮೊದಲೇ ನೋಡದ ಮನುಷ್ಯನಿಗೆ ಕಣ್ಣು ಮುಚ್ಚಲು ಹೇಳಿಕೊಟ್ಟೆ.

ನಿನ್ನ ದೂರನ್ನು ಒಪ್ಪಿದ್ದೇನೆ.

ಈಗ ನನ್ನ ದೂರು. ನಿನ್ನ ಪತ್ರಗಳಲ್ಲಿ ಯಂತ್ರದ ಸಂಖ್ಯೆಯಿದೆ, ತಾರೀಖಿದೆ, ಉಬ್ಬಿದ ಡಬ್ಬಿಗಳ ಲೆಕ್ಕವಿದೆ, ಯಾರು ಎಷ್ಟನೇ ಎಣಿಕೆಗೆ ಓಡಿದರು ಎಂಬುದೂ ಇದೆ. ಧ್ವನಿವರ್ಧಕದ ವಿಷಯ ಬಂದಾಗ ಮಾತ್ರ ‘ಯಾರೋ’. ಕರೆ ಎತ್ತುವುದು ಬಿಟ್ಟು ಬೇರೇನೂ ಬಾರದ ಹೆಂಗಸು ಧ್ವನಿ ಮುದ್ರಿಸಿ, ತಂತಿ ಸಿಕ್ಕಿಸಿ, ಸರಿಯಾದ ಹೊತ್ತಿಗೆ ಹಾಕಿದರೇ? ಯಾರು ಹಾಕಿದ್ದು ಯುಸ್ರಾ?

ದಲಂದಾ


ಮಹ್ದಿಯಾ
೨ ಜೂನ್ ೨೦೧೮

ಮಾನ್ಯರೇ,

ತಮ್ಮ ಪ್ರಶ್ನೆ ಪ್ರಸ್ತುತ ದೂರಿಗೆ ಸಂಬಂಧಪಟ್ಟಿಲ್ಲ. ದೂರು ವಿಭಾಗ ಪ್ರಶ್ನೆ ಕೇಳುತ್ತದೆ. ಪ್ರಶ್ನೆಗೆ ಉತ್ತರಿಸುವ ಪದ್ಧತಿ ನಮ್ಮಲ್ಲಿಲ್ಲ.

ಯು.


ಮಹ್ದಿಯಾ
೨೦ ಜೂನ್ ೨೦೧೮

ದಲಂದಾ ಮೇಡಂ,

ನಾನೇ.

ಈಗ ಸಮಾಧಾನವಾಯಿತೇ?

ನಗಿಸೋಣ ಎಂದು ಮಾಡಿದ್ದು. ಅಪ್ಪನಿಗೂ ನಗು ಬರಬಹುದು ಎಂದುಕೊಂಡಿದ್ದೆ. ಅಷ್ಟು ದಡ್ಡಿ ನಾನು. ದೊಡ್ಡಮ್ಮ ಸಾಲಿನ ಆ ತುದಿಯಿಂದ, ಧ್ವನಿವರ್ಧಕದ ಗುಂಡಿಯ ಹತ್ತಿರ ನಿಂತಿದ್ದ ನನ್ನ ಮುಖ ನೋಡಿದರು. ಅಪ್ಪ ನೋಡಲಿಲ್ಲ. ದೊಡ್ಡಮ್ಮ ನೋಡಿದರು. ನೋಡಿ ಕೈಗವಸು ಬಿಚ್ಚಿದರು. ನಾನು ಬಾಯಿ ತೆರೆಯಬಹುದಿತ್ತು. ಏಳು ವಾರ ತೆರೆಯಲಿಲ್ಲ. ಬದಲಿಗೆ ನಿಮಗೆ ಪತ್ರ ಬರೆದೆ. ಒಳ್ಳೊಳ್ಳೆಯ ಮಾತುಗಳು ಹೊಳೆಯುತ್ತಿದ್ದವು.

ಶುಕ್ರವಾರ ಈದ್ ಆಯಿತು. ನಮ್ಮೂರಿನ ಹಬ್ಬ ನಿಮಗೆ ಗೊತ್ತೇ ಇದೆ. ಬಾಗಿಲಿಂದ ಬಾಗಿಲಿಗೆ ಹೋಗು, ತಪ್ಪಿದ್ದರೆ ಕ್ಷಮಿಸಿ ಅನ್ನು, ಅವರೂ ಅನ್ನುತ್ತಾರೆ, ಒಂದು ಮಿಠಾಯಿ ತಿನ್ನು, ಮುಂದಿನ ಬಾಗಿಲು. ಒಂದು ಬಾಗಿಲಿಗೆ ನಾಲ್ಕು ನಿಮಿಷ. ಅಪ್ಪ ಎರಡು ಕಿಲೋ ಬಾದಾಮಿ ಮಿಠಾಯಿ ಕಟ್ಟಿಸಿಕೊಂಡು, ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಪಕ್ಕದೂರಾದ ರಜೀಶ್‌ಗೆ, ದೊಡ್ಡಮ್ಮನ ಮನೆಗೆ ಹೊರಟರು. “ಸೋಮವಾರದಿಂದ ಬರ್ತಾಳೆ ನೋಡು” ಎಂದರು.

ಬಾಗಿಲಲ್ಲೇ ನಿಂತು, “ತಪ್ಪಿದ್ರೆ ಕ್ಷಮಿಸು ಅಕ್ಕ” ಎಂದರು.

“ದೇವರು ನಮ್ಮಿಬ್ಬರನ್ನೂ ಕ್ಷಮಿಸಲಿ” ಎಂದರು ದೊಡ್ಡಮ್ಮ. ಹಬ್ಬಕ್ಕೆ ಹೇಳುವ ಮಾತು ಹೇಳಿದರು. ಮಿಠಾಯಿ ತೆಗೆದುಕೊಂಡರು. ಬೇರೆ ತಟ್ಟೆಯಲ್ಲಿ ತಮ್ಮ ಮನೆಯದು ಕೊಟ್ಟರು.

“ಸೋಮವಾರ ಬರ್ತೀಯಲ್ಲ?”

“ಇಲ್ಲ.”

“ಕ್ಷಮಿಸಿದೆ ಅಂದ್ಯಲ್ಲ?”

“ಹಬ್ಬಕ್ಕೆ ಕ್ಷಮಿಸಿದೆ ತಿಜಾನಿ. ಕೆಲಸಕ್ಕೆ ಬರಲ್ಲ.”

ನಾನು ಅಪ್ಪನ ಹಿಂದೆ ತಟ್ಟೆ ಹಿಡಿದು ನಿಂತಿದ್ದೆ. ದೊಡ್ಡಮ್ಮ ನನ್ನ ತಲೆ ಸವರಿ, “ಏನೇ, ಸೊರಗಿದ್ದೀಯ, ಊಟ ಮಾಡ್ತಿಲ್ವಾ?” ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಮೇಡಂ.

ವಾಪಸು ಬರುವಾಗ ಅಪ್ಪ ಕುದಿಯುತ್ತಿದ್ದರು. “ಬಾಗಿಲಿಗೆ ಹೋಗಿ ಕ್ಷಮೆ ಕೇಳಿದ್ದೀನಿ, ಇನ್ನೇನು ಮಾಡ್ಬೇಕಂತೆ? ಕಾಲು ಹಿಡೀಬೇಕಾ? ಅವಳು ನನ್ನ ಮಾನ ತೆಗೆದಳು, ನಾನೇ ಕ್ಷಮೆ ಕೇಳಿದ್ದೀನಿ!”

“ಅದು ಹಾಕಿದ್ದು ನಾನು ಅಪ್ಪಾ” ಎಂದೆ.

ಎಣಿಕೆ ಶುರುವಾಯಿತು. ಹತ್ತಾಯಿತು. ನಾನು ಕಿವಿ ಮುಚ್ಚಿಕೊಂಡೆ. ಹನ್ನೊಂದು. ಹನ್ನೆರಡು. ಹತ್ತರ ಮುಂದೆ ಏನಿದೆ ಎಂದು ಮೊದಲ ಸಲ ಕೇಳಿದೆ. ನಲವತ್ತಮೂರಕ್ಕೆ ಕಾರು ಸಮುದ್ರದ ಪಕ್ಕದ ಸ್ಮಶಾನದ ಹತ್ತಿರ ನಿಂತಿತು. ಅಲ್ಲಿ ಅಮ್ಮ ಇದ್ದಾಳೆ, ತಾತನೂ ಇದ್ದಾರೆ. ಅಪ್ಪ ಸ್ಟೀರಿಂಗ್ ಬಿಡಲಿಲ್ಲ.

“ನಾನು ಹಾಗಾ ಕೇಳಿಸೋದು?” ಎಂದರು. “ಅದರಲ್ಲಿ ಬಂದ ಹಾಗೆ?”

“ಅದಕ್ಕಿಂತ ಕೆಟ್ಟದಾಗಿ. ಅದರಲ್ಲಿ ಮುಖ ಕಾಣ್ಸಲ್ಲ.”

ಆಮೇಲೆ ಅರಚಿದರು. ಹಬ್ಬದ ಬಟ್ಟೆಯಲ್ಲಿ ಗೋರಿಗಳ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅರಚಿದರು. ನಾನೂ ಅರಚಿದೆ. ಒಂಬತ್ತು ವರ್ಷಕ್ಕೆ ನನ್ನನ್ನು ಮೀನಿನ ಪೆಟ್ಟಿಗೆಯ ಹತ್ತಿರ ಬಿಟ್ಟು, ಒಂದು ದಿನವಾದರೂ ಬಂದು ಏನು ಬರೀತಿದ್ದೀಯ ಅಂತ ಕೇಳಿದ್ರಾ ಎಂದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊತ್ತು. ಐದು ದಿನದಿಂದ ಮನೆಯಲ್ಲಿ ಮಾತಿಲ್ಲ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಇದೆ. ಬರುತ್ತೀರಾ, ಇಲ್ಲವಾ?

ಯುಸ್ರಾ


ರಜೀಶ್
೧ ಜುಲೈ ೨೦೧೮

ತಿಜಾನಿಗೆ,

ನನಗೆ ಬರೆಯಲು ಬಾರದು. ಪಕ್ಕದ ಮನೆಯ ಹುಡುಗಿ ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನೇ ಬರಿ, ಚಂದ ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಿನ್ನ ಮಗಳು ಬಂದಿದ್ದಳು, ಅತ್ತಳು. ಅವಳನ್ನು ಹೊಡೆಯಬೇಡ, ಬೈಯಬೇಡ. ಅವಳಿಗೆ ಶಿಕ್ಷೆ ನಾನು ಕೊಡುತ್ತೇನೆ. ಟ್ಯೂನಿಸ್‌ನಿಂದ ಒಬ್ಬಳು ಮೇಡಮ್ಮ ಕೂಡ ಬಂದಿದ್ದಳು, ಬಾಡಿಗೆ ವ್ಯಾನಿನಲ್ಲಿ ಎಂಟು ಜನರ ನಡುವೆ ಒತ್ತಿಕೊಂಡು. ನಿನ್ನನ್ನು ಹೇಗೆ ಸರಿ ಮಾಡಬೇಕು ಎಂದು ನನ್ನನ್ನು ಕೇಳಿದಳು. ಕಲಿಸುವವಳೇ ಬಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತಿದ್ದೇನೆ.

ನಿಮ್ಮಪ್ಪನೂ ಬೈಯುತ್ತಿದ್ದ. ಬೈದರೆ ಕಣ್ಣಲ್ಲಿ ಕಣ್ಣಿಟ್ಟು ಬೈಯುತ್ತಿದ್ದ, ಸಂಜೆ ಬಂದು ಮೇಜಿನ ಹತ್ತಿರ ನಿಲ್ಲುತ್ತಿದ್ದ. ನಾವೂ ನಾಲ್ಕು ಮಾತು ಅನ್ನುತ್ತಿದ್ದೆವು. ನೀನು ಬೈದು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯ. ನಿನ್ನ ಬೈಗುಳಕ್ಕೆ ನನಗೆ ಹೆದರಿಕೆಯಿಲ್ಲ. ಯಂತ್ರ ಕೆಟ್ಟದ್ದನ್ನು ಹೇಳದೆ ಬಂದೆನಲ್ಲ, ನಲವತ್ತೈದು ವರ್ಷದಲ್ಲಿ ಮೊದಲ ಸಲ ಕೆಟ್ಟ ಡಬ್ಬಿಯನ್ನು ಗೊತ್ತಿದ್ದೂ ಬಿಟ್ಟೆನಲ್ಲ, ನನ್ನನ್ನು ಅಂಥವಳನ್ನಾಗಿ ಮಾಡಿದೆಯಲ್ಲ, ಅದಕ್ಕೆ ನಿನ್ನ ಮೇಲೆ ಸಿಟ್ಟು. ಅದು ಮಿಠಾಯಿಗೆ ಹೋಗುವ ಸಿಟ್ಟಲ್ಲ.

ಪ್ರತಿ ಗುರುವಾರ ಕೆಲಸ ಮುಗಿದ ಮೇಲೆ ನೀನು ಸಾಲಿನ ಹತ್ತಿರ ನಮ್ಮ ಗಿಡ್ಡ ಮಣೆಯ ಮೇಲೆ ಕೂರಬೇಕು. ಆ ವಾರ ನೀನು ಏನು ಮಾಡಿದೆ ಎಂದು ಯಾರು ಬೇಕಾದರೂ ಹೇಳಬಹುದು. ಹೇಳುವವಳ ಮುಖ ನೋಡಬೇಕು. ‘ಕೇಳಿದೆ’ ಎನ್ನಬೇಕು. ಬೇರೆ ಮಾತಿಲ್ಲ, ಕಾರಣ ಕೊಡುವ ಹಾಗಿಲ್ಲ, ಎಣಿಸುವ ಹಾಗಿಲ್ಲ. ಮೀನಿನ ಕಾಲ ಮುಗಿಯುವವರೆಗೂ. ನಾನು ಗುರುವಾರ ಬಂದು ನೋಡುತ್ತೇನೆ. ಕೆಲಸಕ್ಕೆ ಯಾವಾಗ ಬರುತ್ತೇನೆ ಎಂದು ಕೇಳಬೇಡ. ನನಗೇ ಗೊತ್ತಿಲ್ಲ.

ಆಗದಿದ್ದರೆ ಉತ್ತರ ಬರೆಯಬೇಡ. ಸಾಲಿಗೆ ಬೇರೆ ಹೆಂಗಸನ್ನು ನೋಡಿಕೋ.

ಸಾಸಿಯಾ (ಹೆಬ್ಬೆಟ್ಟು)


ಟ್ಯೂನಿಸ್
೧೦ ಜುಲೈ ೨೦೧೮

ಯುಸ್ರಾ,

ಪತ್ರದ ಪ್ರತಿ ತಲುಪಿತು. ನಿನ್ನಪ್ಪ ‘ಆಗಲಿ’ ಎಂದು ಉತ್ತರ ಬರೆಸಿದ್ದೂ ತಿಳಿಯಿತು. ಇಪ್ಪತ್ತು ವರ್ಷದಿಂದ ನಾನು ಬಣ್ಣಬಣ್ಣದ ಚಿತ್ರ ತೋರಿಸಿ ವಿವರಿಸಿದ್ದನ್ನು ಆಕೆ ಒಂದು ಹಾಳೆಯಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿದ್ದಾರೆ. ನಾನು ಎರಡು ವಾರಕ್ಕೊಮ್ಮೆ ಗುರುವಾರ ಬರುತ್ತೇನೆ, ಮುಂದಿನ ಮಾರ್ಚ್‌ವರೆಗೆ. ಮಾತಾಡಲು ಅಲ್ಲ. ನಿನ್ನಪ್ಪ ಮಣೆ ಬಿಟ್ಟು ಎದ್ದು ಹೋದ ದಿನ ಮೆಟ್ಟಿಲ ಬುಡದಲ್ಲಿ ಒಬ್ಬರು ಇರಬೇಕು. ಏಳುತ್ತಾರೆ. ಖಂಡಿತ ಏಳುತ್ತಾರೆ. ಆಗ ನೀನು ಎಲ್ಲ ಮುಗಿಯಿತು ಎಂದುಕೊಳ್ಳಬೇಡ.

ಆ ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ಗಾಜು ತೆಗೆದು ನನಗೆ ಕಳಿಸು. ಅದರ ಮೇಲೆ ನನ್ನ ಸಹಿಯಿದೆ. ನಾನೇ ಹರಿಯಬೇಕು.

ದಲಂದಾ


ಮಹ್ದಿಯಾ
೧ ಅಕ್ಟೋಬರ್ ೨೦೧೮

ದಲಂದಾ ಮೇಡಂ,

ನೀವು ಬಂದ ಗುರುವಾರಗಳು ನಿಮಗೆ ಗೊತ್ತು. ಬಾರದ ಗುರುವಾರಗಳ ಅಧಿಕೃತ ವರದಿ ಇಲ್ಲಿದೆ. ಕಳೆದ ವಾರ ನಿಮಗೆ ಜ್ವರ ಎಂದಿರಿ, ಆದ್ದರಿಂದ ಇದು ಸ್ವಲ್ಪ ಉದ್ದ.

ಮೊದಲ ಗುರುವಾರ ಯಾರೂ ಬಾಯಿ ಬಿಡಲಿಲ್ಲ. ಅರವತ್ತು ಜನ, ಇಪ್ಪತ್ತು ನಿಮಿಷ. ಗಿಡ್ಡ ಮಣೆಯ ಮೇಲೆ ಮಂಡಿ ಎದೆಗೆ ತಾಗಿಸಿಕೊಂಡು ಕೂತ ಅಪ್ಪ ಸಿಕ್ಕಿಬಿದ್ದ ಒಂಟೆಯ ಹಾಗೆ ಕಾಣುತ್ತಿದ್ದರು. ನಾಲ್ಕನೆಯದರಲ್ಲಿ ಮಬ್ರೂಕಾ, “ಮಂಗಳವಾರ ನನ್ನ ತಟ್ಟೆ ತಳ್ಳಿದ್ರಿ. ಮೀನು ಬಿತ್ತು. ನಾನೇ ಎತ್ತಿದೆ. ನೀವು ಕಾಲಡಿ ನೋಡ್ದೆ ದಾಟಿ ಹೋದ್ರಿ” ಎಂದಳು. ಅಪ್ಪ, “ಲಾರಿ ತಡ ಆಗಿತ್ತು, ಅದಕ್ಕೆ...” ಎಂದರು. ದೊಡ್ಡಮ್ಮ ಮೂಲೆಯಿಂದ, “ತಿಜಾನಿ” ಎಂದರು. ಅಪ್ಪ ಬಾಯಿ ಮುಚ್ಚಿ, ಮಬ್ರೂಕಾಳ ಮುಖ ನೋಡಿದರು. ಅಂಥ ಹೆಂಗಸು ತಮ್ಮ ಕಾರ್ಖಾನೆಯಲ್ಲಿ ಇದ್ದಾಳೆ ಎಂದು ಆಗಷ್ಟೇ ಗೊತ್ತಾದವರ ಹಾಗೆ. “ಕೇಳಿದೆ.”

ಐದನೆಯ ಗುರುವಾರ ಮಣೆಗೆ ಒದ್ದು ಮೇಲೆ ಹೋದರು. ಅವತ್ತು ನೀವು ಮೆಟ್ಟಿಲ ಮೇಲೆ ಎರಡು ಗಂಟೆ ಕೂತಿದ್ದು ಆಮೇಲೆ ಅವರ ಕೋಣೆಗೆ ಹೋದಿರಿ. ಒಳಗೆ ಏನು ಮಾತಾಯಿತು ಎಂದು ನೀವೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಬಾಗಿಲಿಗೆ ಕಿವಿ ಇಟ್ಟೆ. ಅಪ್ಪ ಅಳುತ್ತಿದ್ದರು. ಇದನ್ನು ವರದಿಯಿಂದ ತೆಗೆದುಹಾಕಬೇಕಾಗಿ ವಿನಂತಿ.

ಆರನೆಯದಕ್ಕೆ ಯಾರೂ ಕರೆಯದೆ ಬಂದು ಕೂತರು. ಮಣೆಯ ಮುರಿದ ಕಾಲಿಗೆ ಮೊಳೆ ಹೊಡೆದು ತಂದಿದ್ದರು. ಸೊಟ್ಟಗೆ ಹೊಡೆದಿದ್ದರು.

ಎಲ್ಲ ಸರಿಹೋಯಿತು ಎಂದು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಕಳೆದ ತಿಂಗಳು ಬಂದರಿನಲ್ಲಿ ಮೀನಿನ ದಲ್ಲಾಳಿಯ ಮೇಲೆ ಅರಚಿ, ಅವನ ತಕ್ಕಡಿಯನ್ನು ನೀರಿಗೆ ಹಾಕಿದ್ದಾರೆ. ಮನೆಯಲ್ಲಿ ಉಪ್ಪಿನ ಡಬ್ಬಿಗೆ ನನ್ನ ಮೇಲೆ ಎಗರಾಡುತ್ತಾರೆ. ಹೆಸರು ಹೇಳಬೇಡಿ ಎಂದ ಒಬ್ಬಳು, “ನಾಟಕ ಇದು, ಮೀನಿನ ಕಾಲ ಮುಗೀಲಿ, ಮತ್ತೆ ಅದೇ ರಾಗ” ಎನ್ನುತ್ತಾಳೆ. ಅವಳು ಹೇಳುವುದು ಸುಳ್ಳು ಎಂದು ಆಣೆ ಇಡಲು ನನಗೆ ಆಗುವುದಿಲ್ಲ. ಆದರೆ ಮೂರು ವಾರದ ಹಿಂದೆ ಎರಡನೇ ಯಂತ್ರ ಮತ್ತೆ ಸಡಿಲವಾಯಿತು. ಮಬ್ರೂಕಾ ಮೆಟ್ಟಿಲು ಹತ್ತಿ ಹೋಗಿ ಹೇಳಿದಳು. ಶೌಚಾಲಯಕ್ಕೆ ಹೋಗದೆ ನೇರವಾಗಿ ಹೋದಳು. ಅರ್ಧ ಗಂಟೆ ಯಂತ್ರ ನಿಂತಿತು. ಒಂದು ಡಬ್ಬಿಯೂ ಕೆಡಲಿಲ್ಲ.

ನನ್ನ ಶಿಕ್ಷೆಯನ್ನೂ ದಾಖಲಿಸಬೇಕು. ಪ್ರತಿ ಗುರುವಾರ ಅಪ್ಪನ ನಂತರ ಮಣೆ ನನ್ನದು. ದೊಡ್ಡಮ್ಮ ಮಾತ್ರ ಮಾತಾಡುತ್ತಾರೆ. ಹನ್ನೆರಡು ಗುರುವಾರ ಒಂದೇ ಮಾತು, “ಏಳು ವಾರ ಸುಮ್ಮನಿದ್ದೆ.” ಹನ್ನೆರಡು ಸಲವೂ ನಾನು ಮುಖ ನೋಡಿ “ಕೇಳಿದೆ” ಎಂದಿದ್ದೇನೆ. ಮೊದಲ ಸಲ ಹಾಸ್ಯ ಮಾಡಲು ಹೋಗಿ ಬೈಸಿಕೊಂಡೆ. ಹೋದ ಗುರುವಾರ ಅವರು ಏನೂ ಹೇಳಲಿಲ್ಲ. ಮಣೆಯ ಮೇಲೆ ಕೂತು ಕಾದೆ. ತಲೆವಸ್ತ್ರದ ಅಂಚಿನಿಂದ ನನ್ನ ಕೆನ್ನೆಗಂಟಿದ ಮೀನಿನ ಹುರುಪೆ ಒರೆಸಿ ಎದ್ದುಹೋದರು.

ಇವತ್ತು ಸೋಮವಾರ. ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಾಗಿಲು ತೆಗೆದರೆ ದೊಡ್ಡಮ್ಮ ಹಳೆಯ ಕೈಗವಸು ಹಾಕಿಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದರು. ಯಾರಿಗೂ ಹೇಳಿರಲಿಲ್ಲ. ನಾನು ಓಡಿಹೋಗಿ ಅಪ್ಪಿಕೊಳ್ಳಬೇಕೆಂದುಕೊಂಡೆ. “ಏನೇ ನೋಡ್ತಿದ್ದೀಯ, ಹೋಗಿ ನಿಮ್ಮಪ್ಪನ್ನ ಕರಿ” ಎಂದರು.

ಅಪ್ಪ ಇಳಿದು ಬಂದರು. ದಿನದ ಮೊದಲ ಡಬ್ಬಿ ಬಂತು. ದೊಡ್ಡಮ್ಮ ಮುಚ್ಚಳ ಎಬ್ಬಿಸಿ, ರೊಟ್ಟಿ ಮುರಿದು ದೊಡ್ಡ ತುಂಡು ತಾವು ಇಟ್ಟುಕೊಂಡು ಸಣ್ಣದನ್ನು ಅಪ್ಪನಿಗೆ ಕೊಟ್ಟರು. ಇಬ್ಬರೂ ನಿಂತುಕೊಂಡೇ ತಿಂದರು. ಅರವತ್ತು ಜನ ನೋಡುತ್ತಿದ್ದರು.

“ಉಪ್ಪು ಜಾಸ್ತಿ ಆಗಿದೆ” ಎಂದರು ಅಪ್ಪ.

ದೊಡ್ಡಮ್ಮ ಬಾಯಲ್ಲಿದ್ದುದನ್ನು ನಿಧಾನವಾಗಿ ಜಗಿದು ನುಂಗಿ, ಅಪ್ಪನ ಮುಖವನ್ನೇ ನೋಡುತ್ತ, “ಕೇಳಿದೆ” ಎಂದರು.

ದೂರು ವಿಭಾಗದ ಕಡತದ ಇಂದಿನ ಸ್ಥಿತಿ:

ಸರಕು: ಬಿಸಿಕೋಣೆಯಲ್ಲಿದೆ.
ಕಳೆದ ವಾರಗಳು: ಹದಿಮೂರು.
ಉಬ್ಬಿದ್ದು: ಎರಡು ಸಲ. ಸಿಡಿದದ್ದು: ಒಂದು ಸಲ.
ಪ್ರಮಾಣಪತ್ರ: ಕೊಟ್ಟಿಲ್ಲ. ಕೇಳಲೂ ಇಲ್ಲ.
ಷರಾ: ದೊಡ್ಡಮ್ಮ ‘ಕೇಳಿದೆ’ ಎಂದ ಮೇಲೆ ಅಪ್ಪನ ತುಟಿ ಸ್ವಲ್ಪ ಹೊತ್ತು ಅಲುಗಿತು. ಕಣ್ಣು ಮಾತ್ರ ತೆರೆದೇ ಇತ್ತು. ಎಣಿಸುತ್ತಿದ್ದರೋ, ನಗು ತಡೆಯುತ್ತಿದ್ದರೋ, ಅದನ್ನು ಬರೆಯಲು ನಮ್ಮ ಫಾರಂನಲ್ಲಿ ಜಾಗವಿಲ್ಲ.

ಗುರುವಾರ ಬನ್ನಿ. ಸ್ವೆಟರ್ ತನ್ನಿ, ಗಾಳಿ ಶುರುವಾಗಿದೆ.

ಯುಸ್ರಾ